ಖಲಾಸ್ ಎನ್ನುತ್ತಿದ್ದ ಕೋಚ್

ಗಲ್ಫಿನ ಅಲ್ ಅಜೀಜಿಯಾದ ಶಾಲೆಯಲ್ಲಿ ನನ್ನ ಮಗಳಿಗೆ ಓಟ ಕಲಿಸುತ್ತಿದ್ದ ಕೀನ್ಯಾದ ಕೋಚ್, ಮಕ್ಕಳಿಗೆ ಇನ್ನೂ ಓಡುವ ಹುರುಪಿರುವಾಗಲೇ ಕೈ ಎತ್ತಿ "ಖಲಾಸ್, ಸಾಕು" ಎಂದುಬಿಡುತ್ತಿದ್ದರು. ಯಾವ ಮಗು ಕುಂಟಿದರೂ ನೆಲದ ಮೇಲೆ ಕುಳಿತು, ಅದರ ಮೊಣಕಾಲಿನ ಕೆಳಗಿನ ಎಲುಬನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು.

"ಎಂತ ಕೋಚ್ ಮಾರಾಯ್ತಿ, ಓಡ್ಲಿಕ್ಕೇ ಬಿಡುದಿಲ್ಲ!" ಎಂದು ನನ್ನ ಗಂಡ ಗೊಣಗುತ್ತಿದ್ದರು.

ಯಾಕೆ ಹೀಗೆಂದು ಒಮ್ಮೆ ನಾನೇ ಕೋಚನ್ನು ಕೇಳಿದೆ. ಸ್ಕಾಲರ್‌ಶಿಪ್ ಸಿಕ್ಕಿ ಅವರು ಅಮೆರಿಕದ ಕಾಲೇಜೊಂದರ ಪರವಾಗಿ ಓಡಲು ಹೋಗಿದ್ದರಂತೆ. ತಂಡಕ್ಕೆ ಪಾಯಿಂಟ್ ಬೇಕೆಂದು ಒಂದೇ ಕೂಟದಲ್ಲಿ ಮೂರು ದೂರದ ಓಟಗಳಿಗೆ ಇಳಿಸುತ್ತಿದ್ದರಂತೆ. "ಕಾಲು ನೋಯ್ತಿತ್ತು ಮೇಡಂ. ಬೇಡ ಅಂದ್ರೆ ವಾಪಸ್ ಕಳಿಸ್ತಾರೆ ಅಂತ ಹೆದರಿಕೆ. ಮೂರನೇ ಓಟದಲ್ಲಿ ಎಲುಬು ಬಿರುಕು ಬಿಟ್ಟಿತು," ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಶಾಲೆಯ ಕ್ರೀಡಾದಿನ ಶಿಕ್ಷಕರ ಓಟದಲ್ಲಿ ಅವರೇ ಗೆದ್ದರು. ಆಗಲೇ ಕುಂಟುತ್ತಿದ್ದರು. ಅಷ್ಟರಲ್ಲಿ ಶಿಕ್ಷಕರ ರಿಲೇ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. "ಯಲ್ಲಾ, ಬನ್ನಿ ಕೋಚ್, ಟೀಮಿಗೋಸ್ಕರ ಇನ್ನೊಂದು!" ಎಂದು ಪ್ರಿನ್ಸಿಪಾಲರು ಮೈಕಿನಲ್ಲಿ ಕೂಗಿದರು.

ಮಗಳು ಬೇಲಿ ಹಿಡಿದುಕೊಂಡು, "ಖಲಾಸ್ ಸರ್, ಖಲಾಸ್!" ಎಂದು ಕಿರುಚಿದಳು.

ಅವರು ಅವಳತ್ತ ಒಂದು ಕ್ಷಣ ನೋಡಿದರು. ಆಮೇಲೆ ಬಗ್ಗಿ ಶೂ ಲೇಸ್ ಬಿಗಿದುಕೊಂಡರು.