ಉಪ್ಪಿನಕಾಯಿಯ ಹೆಸರಿನಲ್ಲಿ ಬಚ್ಚಿಟ್ಟ ಕಲ್ಲುಗಳು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಆ ಗುಂಡಿ ಒತ್ತಿದೆ. ಅನ್ನಕ್ಕೆ ನೀರಿಡಲು ಇನ್ನೂ ಹತ್ತು ನಿಮಿಷ ಇದೆಯಲ್ಲ ಎಂದು ಪರದೆಯ ಮೂಲೆಯ ಗಡಿಯಾರ ನೋಡಿಕೊಂಡಿದ್ದೆ. ಅದರಿಂದಾಗಿ ಗಂಟೆ ಇಷ್ಟು ಸರಿಯಾಗಿ ನೆನಪಿದೆ. ಗುಂಡಿಯ ಮೇಲೆ ‘ಆಪ್ಟಿಮೈಜ್’ ಎಂದಿತ್ತು. ಕೆಲಸಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಅಡುಗೆ ಮುಗಿಸಿ ಕಟ್ಟೆ ಒರೆಸಿಟ್ಟ ಹಾಗೆ ಸಮಾಧಾನವಾಗಿ ಎದ್ದು ಹೋದೆ.

ಈ ಒರೆಸುವ ಚಟ ಹತ್ತಿದ್ದು ತೊಂಬತ್ತೆಂಟರಲ್ಲಿ. ಡಿಗ್ರಿ ಮುಗಿಸಿ ಕೋಟದ ಒಂದು ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದೆ. ಆಗಿನ ತಿರುಗುವ ಡಿಸ್ಕುಗಳಲ್ಲಿ ಒಂದೇ ಕಡತ ಚೂರುಚೂರಾಗಿ ಅಲ್ಲಿಷ್ಟು ಇಲ್ಲಿಷ್ಟು ಕೂತಿರುತ್ತಿತ್ತು. ಶನಿವಾರ ಅದನ್ನೆಲ್ಲ ಒಟ್ಟು ಮಾಡಲು ಬಿಟ್ಟರೆ ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದಾಗಿ ಸಾಲು ಸೇರುತ್ತಿದ್ದವು. ನೋಡುತ್ತ ಕೂರುವುದೇ ಒಂದು ಸುಖ. ಮನೆಗೆ ಕಂಪ್ಯೂಟರ್ ಬಂದ ಮೇಲೂ ತಿಂಗಳಿಗೊಮ್ಮೆ ಅದನ್ನು ತಪ್ಪಿಸಿದವಳಲ್ಲ. ಎಷ್ಟೋ ವರ್ಷದ ನಂತರ ಆ ಡಿಸ್ಕ್ ಕೆಟ್ಟು, ಕುಂದಾಪುರದ ರಿಪೇರಿಯವನು ತಿರುಗುವ ಭಾಗವೇ ಇಲ್ಲದ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಕೊಟ್ಟ. ಕೊಡುವಾಗಲೇ ಹೇಳಿದ್ದ:

“ಅಕ್ಕಾ, ಇದ್ಕೆ ಹಳೇದ್ರ ಹಾಂಗೆ ಉಜ್ಜುದ್ ತಿಕ್ಕುದ್ ಎಲ್ಲ ಬ್ಯಾಡ. ಅದ್ರ ಕೆಲ್ಸ ಅದೇ ಮಾಡ್ಕಂತ್ತ್.”

ತಲೆಯಾಡಿಸಿ ಬಂದೆ. ತಲೆಯಾಡಿಸುವುದು ಬೇರೆ, ಕೈ ಸುಮ್ಮನಿರುವುದು ಬೇರೆ.

ನಮ್ಮದು ಗಂಗೊಳ್ಳಿ ಬಂದರಿಗೆ ಹತ್ತಿರದ, ಮೀನುಗಾರರ ಮನೆ. ಅಪ್ಪಯ್ಯ ಬೋಟು ನಡೆಸುವ ತಾಂಡೇಲನಾಗಿದ್ದು, ಮೊಣಕಾಲು ಸೋತ ಮೇಲೆ ಚುಕ್ಕಾಣಿಯನ್ನು ಅಣ್ಣನಿಗೆ ಕೊಟ್ಟಿದ್ದರು. ಅಪ್ಪಯ್ಯನ ನಿಜವಾದ ಆಸ್ತಿ ಬೋಟಲ್ಲ, ಕಲ್ಲುಗಳು. ಕಡಲಡಿಯಲ್ಲಿ ಎಲ್ಲೆಲ್ಲಿ ಬಂಡೆ ಇದೆ, ಎಲ್ಲಿ ಮುಳುಗಿದ ಹಡಗಿನ ತುಂಡು ಇದೆ ಎಂಬ ಗುರುತುಗಳನ್ನು ಜಿಪಿಎಸ್‌ನಲ್ಲಿ ವರ್ಷ ವರ್ಷ ಕೂಡಿಸಿಟ್ಟಿದ್ದರು. ತಳದಲ್ಲಿ ಎಳೆದುಕೊಂಡು ಹೋಗುವ ಬಲೆ ಕಲ್ಲಿಗೆ ಸಿಕ್ಕಿತೆಂದರೆ ಹಗ್ಗ ಬಿಗಿದು ಬೋಟಿನ ಹಿಂಭಾಗ ತಗ್ಗುತ್ತದೆ. ಅದೇ ಹೊತ್ತಿಗೆ ಹಿಂದಿನಿಂದ ತೆರೆ ಏರಿದರೆ ಮುಗಿಯಿತು. ಆದರೆ ಕಲ್ಲಿನ ಪಕ್ಕದಲ್ಲೇ ಮೀನೂ ಹೆಚ್ಚು. ಹಾಗಾಗಿ ಯಾವ ಮನೆಯವರೂ ತಮ್ಮ ಕಲ್ಲುಗಳನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಹೆಣ್ಣು ಕೊಟ್ಟ ಮನೆಗೂ ಹೇಳುವುದಿಲ್ಲ.

ಬೋಟುಗಳು ಕಡಲಿಗಿಳಿಯದ ಆ ಮಳೆಗಾಲದ ರಜೆಯಲ್ಲಿ ಹಳೆಯ ಜಿಪಿಎಸ್ ಕೊಟ್ಟು ಹೊಸದನ್ನು ತರುವುದೆಂದಾಯಿತು. ಕೊಡುವ ಮೊದಲು ಅಪ್ಪಯ್ಯ ಪರದೆ ನೋಡಿ ಓದಿದರು, ನಾನು ಟೈಪ್ ಮಾಡಿದೆ. ಮೂರು ಮಧ್ಯಾಹ್ನ ಹಿಡಿಯಿತು, ಇನ್ನೂರಕ್ಕೂ ಮೇಲೆ ಗುರುತುಗಳು. ಪೆನ್‌ಡ್ರೈವಿಗೂ ಒಂದು ಹಾಕಿಡುತ್ತೇನೆ ಎಂದೆ.

“ಬ್ಯಾಡ. ಅದ್ ಕಿಸೆಯಂಗೆ ಹಾಯ್ಕಂಡ್ ಹೋದ್ರೆ ಇಡೀ ಬಂದರಿಗೇ ಹಂಚ್ದಾಂಗೆ,” ಎಂದರು ಅಪ್ಪಯ್ಯ. “ಹೆಸ್ರೂ ಯಾರೂ ಬಿಡಿಸ್ ಕಾಣದೆ ಇಪ್ಪಂತದ್ ಇಡ್.”

ಅಕ್ಕಪಕ್ಕದವರು ಅರ್ಜಿ ತುಂಬಿಸಲು, ರಿಸಲ್ಟ್ ನೋಡಲು ನಮ್ಮ ಕಂಪ್ಯೂಟರಿಗೇ ಬರುತ್ತಿದ್ದರು. ಆದ್ದರಿಂದ ಅದಕ್ಕೆ ‘ಉಪ್ಪಿನಕಾಯಿ ಮೂರು’ ಎಂದು ಹೆಸರಿಟ್ಟು, ನಾನು ಇಂಟರ್ನೆಟ್ಟಿನಿಂದ ಇಳಿಸಿದ್ದ ಅಡುಗೆ ವಿಧಾನಗಳ ರಾಶಿಯೊಳಗೆ ತುರುಕಿದೆ. ಅಪ್ಪಯ್ಯ ಅಪರೂಪಕ್ಕೆ ನಕ್ಕರು. ಹಳೆಯ ಜಿಪಿಎಸ್ಸನ್ನು ಪೂರ್ತಿ ಅಳಿಸಿಯೇ ಅಂಗಡಿಗೆ ಕೊಟ್ಟೆವು.

ಆರು ವಾರ ಕಳೆಯಿತು. ಡಿಸ್ಕ್ ತುಂಬಿದೆ ಎಂದು ಕೆಂಪು ಪಟ್ಟಿ ತೋರಿಸತೊಡಗಿತು. ಆ ಭಾನುವಾರ ನಾನು ಒಮ್ಮೆಯೂ ಮಾಡಿ ನೋಡದ ಅಡುಗೆಗಳ ಇಡೀ ರಾಶಿಯನ್ನು ಕಸದ ಬುಟ್ಟಿಗೂ ಹೋಗದಂತೆ ಒಂದೇ ಸಲ ಅಳಿಸಿ, ಆ ಗುಂಡಿ ಒತ್ತಿದೆ. ಬಚ್ಚಿಟ್ಟವಳೂ ನಾನೇ, ಮರೆತವಳೂ ನಾನೇ.

ಸಂಜೆ ನಾಲ್ಕಕ್ಕೆ ಅಣ್ಣ, ಅಂಗಡಿಗೆ ಆಗಷ್ಟೇ ಬಂದ ಹೊಸ ಜಿಪಿಎಸ್ ಹಿಡಿದುಕೊಂಡು ಬಂದ. ಬೋಟು ಇಳಿಯಲು ಇನ್ನು ನಾಲ್ಕೇ ದಿನ.

“ಹೆಣ್ಣೆ, ಕಲ್ಲ್ ತುಂಬ್ಸುವನಾ?”

ಅವನು ಕುರ್ಚಿ ಎಳೆದು ಕೂತ. ನಾನು ಹುಡುಕಿದೆ. ಇನ್ನೊಮ್ಮೆ ಹುಡುಕಿದೆ. ಅಡುಗೆಗಳ ರಾಶಿಯೇ ಇರಲಿಲ್ಲ.

“ಎಂತ, ಉಪ್ಪಿನಕಾಯಿ ಹಳ್ಸಿತಾ?” ಎಂದ ಅಣ್ಣ. ನನ್ನ ಮುಖ ನೋಡಿದ ಮೇಲೆ ಅವನು ಮತ್ತೆ ತಮಾಷೆ ಮಾಡಲಿಲ್ಲ.

ಮರುದಿನ ಕಂಪ್ಯೂಟರಿನ ಪೆಟ್ಟಿಗೆಯನ್ನು ಚೀಲದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದೆ. ತಲ್ಲೂರು ದಾಟುವವರೆಗೂ ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ: ಹಳೆಯ ಡಿಸ್ಕಿನಲ್ಲಿ ಅಳಿಸಿದರೂ ಹೋಗುತ್ತಿದ್ದದ್ದು ಹೆಸರು ಮಾತ್ರ, ಅದರ ಮೇಲೆ ಬೇರೆ ಬರೆಯುವವರೆಗೆ ಒಳಗಿನದು ಹಾಗೇ ಉಳಿದಿರುತ್ತಿತ್ತು, ಎತ್ತಿ ಕೊಡುವವರಿದ್ದರು. ರಿಪೇರಿಯವನು ಅರ್ಧ ದಿನ ನೋಡಿದ.

“ಅಕ್ಕಾ, ಅಳ್ಸಿದ್ ಮೇಲೆ ಆ ಗುಂಡಿ ಒತ್ತಿದ್ರ್ಯಾ?”

“ಒತ್ತಿದೆ.”

“ಅದ್ ಒತ್ರೆ, ಎಲ್ಲೆಲ್ಲಿ ಜಾಗ ಬ್ಯಾಡ್ದೇ ಬಿದ್ದಿತ್ತ್ ಅಂದ್ ಡಿಸ್ಕಿಗೆ ಹೇಳ್ತ್. ಡಿಸ್ಕ್ ಅಲ್ಲಿದ್ದದ್ದ್ ತೆಗ್ದೇ ಬಿಡ್ತ್. ಹಳೇದ್ರ ಹಾಂಗೆ ಹುಡ್ಕಿ ತೆಗುಕ್ ಆಪ್ದಿಲ್ಲ.”

“ಒತ್ತದೆ ಇದ್ದಿದ್ದರೆ?”

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ. ಅಳಿಸಿದಾಗಲೇ ಕಂಪ್ಯೂಟರ್ ಆ ಮಾತನ್ನು ಡಿಸ್ಕಿಗೆ ಹೇಳಿರುತ್ತದೆ, ಹೆಚ್ಚಿನಂಶ ಆಗಲೇ ಹೋಗಿರಬಹುದು, ಚೂರುಪಾರು ಸಿಗುತ್ತಿತ್ತೋ ಇಲ್ಲವೋ ಹೇಳಲಾಗದು ಎಂದ. ಆ ‘ಹೇಳಲಾಗದು’ ಎಂಬುದನ್ನು ನಾನು ಈಗಲೂ ಬಾಯಲ್ಲಿಟ್ಟು ಅಗಿಯುತ್ತಿದ್ದೇನೆ.

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜಗಲಿಯಲ್ಲಿ ಕೂತು ಕಣ್ಣು ಮುಚ್ಚಿ ನೆನಪಿನಿಂದ ಹೇಳತೊಡಗಿದರು. ದಡದ ಹತ್ತಿರದ ಕಲ್ಲುಗಳು ಅವರಿಗೆ ಜಿಪಿಎಸ್‌ಗಿಂತ ಹಳೆಯ ಪರಿಚಯ: ಇಂಥ ಗುಡ್ಡದ ತುದಿ ಇಂಥ ತೆಂಗಿನ ತೋಪಿನ ಮೇಲೆ ಕಂಡರೆ ಬೋಟಿನ ಕೆಳಗೆ ಒಂದು ಕಲ್ಲು. ಹೀಗೆ ಅರವತ್ತರ ತನಕ ಬಂತು. ಬೈಂದೂರಿನ ಎದುರಿನ, ದಡದ ಗುರುತು ಮಸುಕಾಗುವಷ್ಟು ದೂರದ ಕಲ್ಲುಗಳು ಮಾತ್ರ ಅವರಿಗೂ ಬರೀ ಅಂಕಿಗಳಾಗಿದ್ದವು. ಅಲ್ಲಿ ಅವರು ನಿಂತರು.

“ಈ ಸಲ ಆ ಬದಿಗ್ ಹೋಪ್ದೇ ಬ್ಯಾಡ,” ಎಂದರು.

“ಕಾಂಬ,” ಎಂದ ಅಣ್ಣ. ಕೆಲಸದ ಎಂಟು ಜನ ಆಗಲೇ ಬೋಟಿಗೆ ಬಂದಾಗಿತ್ತು.

ಬೋಟು ಇಳಿದ ಎರಡನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅಣ್ಣನ ಫೋನು. ಹತ್ತಿರದಲ್ಲಿ ಮೀನಿಲ್ಲದೆ ಅವನು ಬೈಂದೂರಿನ ಕಡೆ ಹೋಗಿದ್ದ. ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು.

“ಅಪ್ಪಯ್ಯನತ್ರ ಕೇಂಡ್ ಹೇಳ್. ಇಪ್ಪತ್ತೆರಡ್ ಮಾರ್ ನೀರಂಗೆ, ಆ ಮುಳ್ಗಿದ್ ಹಡಗ್ ತೆಂಕಿಗಾ ಬಡ್ಗಿಗಾ?”

ನಾನು ತಿರುಗಿ ಅಪ್ಪಯ್ಯನನ್ನು ಕೇಳುತ್ತಿದ್ದಂತೆ ಫೋನಿನೊಳಗೆ ಎಂಜಿನ್ನಿನ ಸದ್ದು ಬದಲಾಯಿತು. ಏರುವ ಬದಲು ಕಟ್ಟಿಹಾಕಿದ ಹಾಗೆ ನರಳಿತು. ಏನೋ ಮರದ್ದು ಮುರಿಯಿತು. ಅಣ್ಣನ ದನಿ ಫೋನಿನಿಂದ ದೂರದಲ್ಲಿ ಕೇಳಿತು. “ಕಡಿ. ಹಗ್ಗ ಕಡಿ.” ಮತ್ತೆ ಯಾರದೋ ದನಿ, ನೀರು ಬಂತು ಎಂದು. ಆಮೇಲೆ ಸದ್ದಿಲ್ಲ.

ಅಪ್ಪಯ್ಯ ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಹಿಡಿದರು. ಕಟ್ಟಾದ ಫೋನನ್ನು ಬಹಳ ಹೊತ್ತು ಹಾಗೇ ಹಿಡಿದಿದ್ದರು.

ಬಂದರಿಗೆ ಸುದ್ದಿ ಮುಟ್ಟಿಸಿ ಅಲ್ಲೇ ನಿಂತೆವು. ಮೂರೂವರೆ ಗಂಟೆ ಕಾದೆವು. ಗೋಡೆಗೆ ಒರಗಿದ್ದ ಅಪ್ಪಯ್ಯನ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡು ಹತ್ತಿರ ಹೋದರೆ, ಅವರು ಆ ಅಂಕಿಗಳನ್ನು ನೆನಪಿಸಿಕೊಳ್ಳಲು ಹೆಣಗುತ್ತಿದ್ದರು.

ಬೋಟು ಓರೆಯಾಗಿ, ನಿಧಾನವಾಗಿ ಬಂತು. ಒಂಬತ್ತೂ ತಲೆಗಳನ್ನು ಎರಡು ಸಲ ಎಣಿಸಿದೆ. ಬಲೆ ಇರಲಿಲ್ಲ, ಹಿಂಬದಿಯ ಹಲಗೆ ಸೀಳಿತ್ತು. ಅಣ್ಣ ಇಳಿದು ನನ್ನೆದುರು ಬಂದು ನಿಂತ.

“ಕೊಡ್ಲಿ ಕೈಗ್ ಸಿಕ್ತ್, ಹೆಣ್ಣೆ. ಇನ್ನೊಂದ್ ತೆರೆ ಬಂದಿದ್ರೆ ಇಲ್ಲೆ,” ಎಂದ. ಇಷ್ಟೇ. ಅವನ ಅಂಗೈಯ ಚರ್ಮ ಸುಲಿದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಆ ಎಂಜಿನ್ನಿನ ನರಳಾಟ. ಎದ್ದು ನೀರು ಕುಡಿಯಲು ಹೋದರೆ ಅಪ್ಪಯ್ಯನೂ ಎದ್ದು ಕೂತಿರುತ್ತಿದ್ದರು.

ಬೋಟು ರಿಪೇರಿಯಾಗಿ ಹೊಸ ಬಲೆ ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಅಪ್ಪಯ್ಯ ಬಿಳಿ ಅಂಗಿ ಹಾಕಿಕೊಂಡು, “ಬೈಂದೂರಿಗ್ ಹೋಪ, ಬಾ,” ಎಂದರು. ಯಾರ ಮನೆಗೆ ಎಂದು ಕೇಳಬೇಕಾಗಿರಲಿಲ್ಲ. ಅಲ್ಲಿ ಅವರ ಹಳೆಯ ಜೊತೆಗಾರನೊಬ್ಬನಿದ್ದ. ಇಬ್ಬರೂ ಒಂದೇ ಬೋಟಿನಲ್ಲಿ ದುಡಿದವರು. ಬೇರೆಯಾಗುವಾಗ, ಒಟ್ಟಿಗೆ ಕಂಡುಹಿಡಿದ ಕಲ್ಲುಗಳು ಯಾರವು ಎಂಬ ಮಾತಿಗೆ ಜಗಳವಾಗಿ, ಹದಿನೈದು ವರ್ಷ ಮುಖ ನೋಡಿರಲಿಲ್ಲ.

ಆತ ಅಂಗಳದಲ್ಲಿ ಬಲೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ.

“ಹ್ವಾಯ್, ದಾರಿ ತಪ್ಪಿತಾ? ಜಿಪಿಎಸ್ ಇಲ್ಯಾ?”

“ಇತ್ತ್. ಒಳ್ಗೆ ಎಂತದೂ ಇಲ್ಲೆ,” ಎಂದರು ಅಪ್ಪಯ್ಯ. “ಮಗ ಹಡಗಿಗ್ ಸಿಕ್ಕಂಡ್ ಉಳ್ದ್ ಬಂದ.”

ಹೆಣೆಯುವ ಕೈ ನಿಂತಿತು. “ಕೇಂಡಿದೆ,” ಎಂದು ಆತ ಒಳಗೆ ಹೋಗಿ ಎಣ್ಣೆ ಕಲೆಯ ಒಂದು ನೋಟುಬುಕ್ಕು ತಂದ. ಅಪ್ಪಯ್ಯನಿಗೆ ಕೊಡದೆ ನನ್ನ ಕೈಗೆ ಕೊಟ್ಟ.

“ಬರ್ಕೊ, ಮಗಾ. ನಿನ್ನಪ್ಪ ಓದ್ದ್ರೆ ಅರ್ಧ ಅವಂದೇ ಅಂಬ.”

“ಅರ್ಧ ನಂದೇ,” ಎಂದರು ಅಪ್ಪಯ್ಯ.

“ಕಂಡ್ಯಾ?” ಎಂದ ಆತ ನನಗೆ. ಆಮೇಲೆ ಒಂದು ಷರತ್ತು ಹಾಕಿದ: ಅಪ್ಪಯ್ಯನಿಗೆ ನೆನಪಿರುವ ಕಲ್ಲುಗಳನ್ನು ತನ್ನ ಮಕ್ಕಳಿಗೂ ಬರೆದುಕೊಡಬೇಕು. ಅಪ್ಪಯ್ಯ ನನ್ನ ಕೈಯ ನೋಟುಬುಕ್ಕು ನೋಡಿದರು. ಮತ್ತೆ ನನ್ನ ಕಡೆ ತಿರುಗಿ, “ಬರ್ದ್ ಕೊಡ್,” ಎಂದರು.

ಮನೆಗೆ ಬಂದು ಎಲ್ಲವನ್ನೂ ಟೈಪ್ ಮಾಡಿದೆ. ಈ ಸಲ ಹೆಸರು ‘ಕಲ್ಲುಗಳು’. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಕಾಗದದಲ್ಲಿ, ಇನ್ನೊಂದು ಬೈಂದೂರಿನಲ್ಲಿ. ಆ ಗುಂಡಿಯನ್ನು ನಾನು ಆಮೇಲೆ ಒತ್ತಿಲ್ಲ. ವಾರಕ್ಕೊಮ್ಮೆ ಕಂಪ್ಯೂಟರ್ ತಾನಾಗಿಯೇ ಆ ಕೆಲಸ ಮಾಡಿಕೊಳ್ಳುತ್ತದೆ. ಅದು ಡಿಸ್ಕಿಗೆ ಒಳ್ಳೆಯದೇ ಎಂದು ರಿಪೇರಿಯವನು ಹೇಳಿದ್ದರಿಂದ ಅದನ್ನು ನಿಲ್ಲಿಸಿಯೂ ಇಲ್ಲ. ಏನನ್ನಾದರೂ ಅಳಿಸುವ ಮೊದಲು ಮಾತ್ರ, ಹೆಸರು ಏನೇ ಇರಲಿ, ತೆರೆದು ನೋಡುತ್ತೇನೆ.

ಅಣ್ಣ ಸೋಮವಾರ ಬೈಂದೂರಿನ ಎದುರಿಗೇ ಹೋದ. ಆರು ದಿನ. ಶನಿವಾರ ಸಂಜೆ ಬೋಟು ನೆಟ್ಟಗೆ ಬಂತು, ಬಲೆ ಇಡಿಯಾಗಿತ್ತು. ಅವನು ಗಂಜಿ ಉಂಡು ಚಾಪೆಯ ಮೇಲೆ ಬಿದ್ದ. ನಾನೂ ಸ್ವಲ್ಪ ಒರಗುತ್ತೇನೆಂದು ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಮೊಣಕಾಲು ನೋವಿನ ಅಪ್ಪಯ್ಯ ಒಲೆಯ ಮುಂದೆ ನಿಂತು ಚಾ ಸೋಸುತ್ತಿದ್ದರು.

“ನಾನೂ ಈಗಳೇ ಎದ್ದದ್,” ಎಂದರು.