ಹಡಗಿನ ಹಿಟ್ಟು, ನಲ್ಲಿಯ ನೀರು

ಸೌಟಮ್ಮ ಬಹಳ ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು. ಅಲ್ಲಿ ಒಮ್ಮೆ ಗುತ್ತಿಗೆದಾರ ಬೆಂದ ಬೇಳೆಗೆ ಕೊಡಗಟ್ಟಲೆ ನೀರು ಸುರಿಸಲು ಬಂದ. "ಇದರಲ್ಲಿ ಬೇಳೆ ಹುಡುಕೋಕೆ ಈಜು ಬರಬೇಕು ಕಣಯ್ಯ, ಪಾಪ, ಕೂಲಿಯವರಿಗೆ ಬರಲ್ಲ" ಎಂದು ಎಲ್ಲರೆದುರು ಅವನ ಮಾನ ಹರಾಜು ಹಾಕಿದಳು. ಕೆಲಸ ಹೋಯಿತು. ಹೋದರೆ ಹೋಗಲಿ ಎಂದು ಕೈಯಲ್ಲಿದ್ದ ಸೌಟಿನ ಸಮೇತ ಎದ್ದು ಬಂದಳು. ಅವತ್ತಿನಿಂದ ಓಣಿಗೆಲ್ಲ ಅವಳು ಸೌಟಮ್ಮ.

ಆಮೇಲೆ ಓಣಿಯ ಕೊನೆಯ ಮಕ್ಕಳ ಕೇಂದ್ರದಲ್ಲಿ ಗಂಜಿ ಕಾಯಿಸುವ ಕೆಲಸ ಸಿಕ್ಕಿತು. ತಗಡಿನ ಸೂರಿನ ಒಂದೇ ಕೋಣೆ, ಒಂದು ಒಲೆ, ಇಬ್ಬರು ಹಿಡಿದರೆ ಮಾತ್ರ ಏಳುವ ಹಂಡೆ, ಮೂಲೆಯಲ್ಲಿ ತೂಗುಹಾಕಿದ ತಕ್ಕಡಿ. ಹಿಟ್ಟು ಹೊರದೇಶದ್ದು. ಜೋಳ, ಸೋಯಾ, ಸಕ್ಕರೆ, ಇನ್ನೇನೋ ಸತ್ವವೆಲ್ಲ ಬೆರೆಸಿ ಹಡಗಿನಲ್ಲಿ ಕಳಿಸುತ್ತಿದ್ದರು. ಓಣಿಯವರ ಬಾಯಲ್ಲಿ ಅದು ಹಡಗಿನ ಹಿಟ್ಟು. ಐದು ವರ್ಷದೊಳಗಿನ ಮಕ್ಕಳೆಲ್ಲ ಬಟ್ಟಲು ಹಿಡಿದು ಬರುತ್ತಿದ್ದರು.

ಸೌಟಮ್ಮನ ಗಂಜಿ ಎಂದರೆ, ಅಡ್ಡಕ್ಕೆ ಸೌಟು ಎಳೆದರೆ ಗೆರೆ ಬೀಳಬೇಕು, ಬಿದ್ದ ಗೆರೆ ಕ್ಷಣ ಹೊತ್ತು ನಿಲ್ಲಬೇಕು. ಆ ಗೆರೆ ಮುಚ್ಚಿಕೊಳ್ಳುವುದನ್ನು ನೋಡಲೆಂದೇ ಮೊಮ್ಮಗಳು ಚಿನಕುರಳಿ ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಅವಳ ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಗೆ ಬೆಳಗಾಗುವುದರೊಳಗೆ ಹೋಗುವವಳು. ನಾಲ್ಕು ವರ್ಷದ ಈ ಕೂಸು ಅಜ್ಜಿಯ ಬೆನ್ನು ಬಿಡದೆ ಬೆಳೆಯುತ್ತಿತ್ತು.

ಒಂದು ಬೆಳಿಗ್ಗೆ ಹಿಟ್ಟಿನ ಲಾರಿ ಅರ್ಧ ಖಾಲಿ ಬಂತು. ಆ ದೂರದ ದೇಶದಲ್ಲಿ ಯಾರೋ ನಾಲ್ಕು ಜನ ಊಟ ಮುಗಿಸಿ ಕೂತು ನೆರವು ಕಡಿಮೆ ಮಾಡಿದ್ದರಂತೆ. ಅವರ ಹೊಟ್ಟೆ ತಣ್ಣಗಿರಲಿ! ಕೇಂದ್ರದ ಮೇಲ್ವಿಚಾರಕ ಬಂದು ನೆಲ ನೋಡುತ್ತ ಹೇಳಿದ, "ಇನ್ಮೇಲೆ ಎರಡು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಅಮ್ಮ. ದೊಡ್ಡವರನ್ನ ವಾಪಸ್ ಕಳಿಸಿಬಿಡಿ."

"ಮೂಗು ಒರೆಸ್ಕೊಳ್ಳೋಕೆ ಬರದವರು ದೊಡ್ಡವರಾ? ನೀವೇ ಬಾಗಿಲಲ್ಲಿ ನಿಂತು ಹೇಳಿ ಸ್ವಾಮಿ. ನನ್ನ ನಾಲಿಗೆ ಹೊರಳಲ್ಲ."

ಅವನ ನಾಲಿಗೆಯೂ ಹೊರಳಲಿಲ್ಲ. ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಸೌಟಮ್ಮ ಹಂಡೆ ನೋಡಿದಳು, ಬಾಗಿಲಲ್ಲಿ ಬಟ್ಟಲು ಬಡಿಯುತ್ತಿದ್ದ ಮಕ್ಕಳನ್ನು ನೋಡಿದಳು, ಕೊನೆಗೆ ನಲ್ಲಿ ತಿರುಗಿಸಿದಳು. ಜನ್ಮವಿಡೀ ಯಾವುದಕ್ಕೆ ಕಂಡವರ ಮೇಲೆ ಹರಿಹಾಯ್ದಿದ್ದಳೋ ಅದನ್ನೇ ತನ್ನ ಕೈಯಾರೆ ಮಾಡಿದಳು.

"ಅಜ್ಜಿ, ಗೆರೆ ಎಲ್ಲೋಯ್ತು?" ಎಂದಳು ಚಿನಕುರಳಿ.

"ನೀರು ಹಾಕಿದ್ರೆ ಎಲ್ಲರಿಗೂ ಆಗುತ್ತೆ ಪುಟ್ಟಿ. ಸುಮ್ನೆ ಕುಡಿ."

ಯಾರೂ ಖಾಲಿ ಬಟ್ಟಲಲ್ಲಿ ಹಿಂತಿರುಗಲಿಲ್ಲ. ಮಕ್ಕಳು ಹೊಟ್ಟೆ ಉಬ್ಬುವಷ್ಟು ಕುಡಿದು ಅಳದೆ ಮಲಗಿದವು. ಸೌಟಮ್ಮನಿಗೆ ಗೆದ್ದೆ ಅನ್ನಿಸಿತು.

ತಕ್ಕಡಿಗೆ ಹಾಗನ್ನಿಸಲಿಲ್ಲ. ಮಕ್ಕಳನ್ನು ತೂಗಲು ಬರುವ ನರ್ಸಕ್ಕ ತಾಯಂದಿರ ಮೇಲೆ ರೇಗತೊಡಗಿದಳು. ಬಟ್ಟೆಗೆ ಇಸ್ತ್ರಿ ಹಾಕುವವಳ ಗಂಡುಮಗು, ಇನ್ನೂ ಹಲ್ಲು ಪೂರ್ತಿ ಬಂದಿಲ್ಲ, ತೂಕ ಇಳಿಯುತ್ತಲೇ ಇತ್ತು. "ಮಗು ಪಾಲಿಂದು ಮನೇಲಿ ಯಾರು ಕುಡೀತಿದ್ದೀರಾ?" ಎಂದು ನರ್ಸಕ್ಕ ಗದರಿದಳು.

"ಇಲ್ಲಕ್ಕ, ಇಲ್ಲೇ ಕೂತು ಕುಡಿಸ್ತೀನಿ. ಬೇಕಾದ್ರೆ ಸೌಟಮ್ಮನ್ನೇ ಕೇಳಿ" ಎಂದು ಆ ತಾಯಿ ಅತ್ತಳು. ಸೌಟಮ್ಮ ಒಲೆಯ ಕಡೆ ತಿರುಗಿ ಉರಿ ಸರಿಮಾಡಿದಳು. ಅವತ್ತು ಬಾಯಿ ಬಿಟ್ಟಿದ್ದರೆ! ಬಿಡಲಿಲ್ಲ.

ಚಳಿ ಶುರುವಾದಾಗ ಆ ಕೂಸಿಗೆ ಜ್ವರ ಬಂತು. ಜ್ವರದಲ್ಲೇ ಹೋಗಿಬಿಟ್ಟಿತು. ಸೌಟಮ್ಮ ಅವರ ಮನೆಗೆ ಹೋದಾಗ ಇಸ್ತ್ರಿ ಮೇಜಿನ ಮೇಲೆ ಯಾರದೋ ಅಂಗಿಗಳು ಮಡಿಸದೆ ಬಿದ್ದಿದ್ದವು. ತಾಯಿ ಅವಳ ಎರಡೂ ಕೈ ಹಿಡಿದುಕೊಂಡಳು. "ನೀವು ಒಂದು ದಿನಾನೂ ಇಲ್ಲ ಅನ್ನಲಿಲ್ಲಮ್ಮ. ನನ್ನ ಕಂದ ಹಸ್ಕೊಂಡು ಹೋಗಲಿಲ್ಲ, ಅದೊಂದೇ ಸಮಾಧಾನ."

ಆ ಹೆಣ್ಣು ಹಿಡಿಶಾಪ ಹಾಕಿದ್ದರೂ ಸೌಟಮ್ಮ ತಡೆದುಕೊಳ್ಳುತ್ತಿದ್ದಳು. ಅಲ್ಲಿಂದ ಸೀದಾ ನರ್ಸಕ್ಕನ ಹತ್ತಿರ ಹೋಗಿ, ನೀರು ಹಾಕಿದ್ದನ್ನೆಲ್ಲ ಹೇಳಿಕೊಂಡು ಅತ್ತಳು.

ನರ್ಸಕ್ಕ ತೂಕ ಬರೆಯುವ ಪುಸ್ತಕ ಮುಚ್ಚಿಟ್ಟಳು. "ಜ್ವರಕ್ಕೇ ಹೋಗಿದ್ದು. ಆದ್ರೆ ಜ್ವರದ ಜೊತೆ ಗುದ್ದಾಡೋಕೆ ಮೈಯಲ್ಲಿ ಏನಾದ್ರೂ ಇರಬೇಕಲ್ಲಮ್ಮ? ನೀರಿಗೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಎಲ್ಲರಿಗೂ ಹಂಚಿದ್ರಿ, ಯಾರಿಗೂ ಸಾಲಲಿಲ್ಲ."

"ಹಾಗಾದ್ರೆ ದೊಡ್ಡವು?"

"ಅವಕ್ಕೂ ಬೇಕು. ಆದ್ರೆ ಹಿಟ್ಟಿಲ್ಲ. ಚಿಕ್ಕವು ತಡ್ಕೊಳ್ಳಲ್ಲ."

ಮರುದಿನ ಗಂಜಿ ಗಟ್ಟಿಯಾಗಿತ್ತು. ಹೊರಳದ ನಾಲಿಗೆಯನ್ನು ಹೊರಳಿಸಿ, ಬಾಗಿಲಲ್ಲಿ ನಿಂತು, ಎರಡು ದಾಟಿದ ಮಕ್ಕಳನ್ನು ಒಬ್ಬೊಬ್ಬರನ್ನೇ ವಾಪಸ್ ಕಳಿಸಿದಳು. "ನಿನ್ನೆವರೆಗೂ ಇದ್ದಿದ್ದು ಇವತ್ತು ಯಾರ ಮನೆ ಸೇರ್ತು?" ಎಂದು ಒಬ್ಬ ತಾಯಿ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಕೇಳಲಿ. ಸಾಲು ಕರಗಿದ ಮೇಲೆ ಚಿನಕುರಳಿ ಒಬ್ಬಳೇ ಉಳಿದಳು. ಕಂಡವರ ಮಕ್ಕಳನ್ನು ಅಟ್ಟಿ ಮೊಮ್ಮಗಳಿಗೆ ಬಡಿಸುವುದು ಯಾವ ಮುಖ ಹೊತ್ತು?

"ನಿನಗಿಲ್ಲ ಪುಟ್ಟಿ. ನೀನೀಗ ದೊಡ್ಡವಳು."

ಕೂಸು ತುದಿಗಾಲಲ್ಲಿ ನಿಂತು ಹಂಡೆಯೊಳಗೆ ಇಣುಕಿತು. ಗೆರೆ ಇತ್ತು. ಅಳಲಿಲ್ಲ, ಹಟ ಮಾಡಲಿಲ್ಲ. ನಲ್ಲಿಯ ಹತ್ತಿರ ಓಡಿಹೋಗಿ ಬಟ್ಟಲು ತುಂಬಿಸಿ, ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ತಂದಿತು.

"ತಗೋ ಅಜ್ಜಿ, ನೀರು ನಾನೇ ತಂದಿದ್ದೀನಿ. ಈಗ ಎಲ್ಲರಿಗೂ ಆಗುತ್ತೆ."

ಸೌಟಮ್ಮ ಬಟ್ಟಲು ತೆಗೆದುಕೊಂಡು, ನೀರನ್ನು ಬಾಗಿಲ ಹೊರಗೆ ಚೆಲ್ಲಿ, ಖಾಲಿ ಬಟ್ಟಲನ್ನು ಮೊಮ್ಮಗಳ ಕೈಗೆ ಕೊಟ್ಟಳು.