ಕಡಲೆಕಾಯಿ ಯಾವ ದೇಶದ್ದು?

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬಿತ್ತನೆಯ ಕಡಲೆಕಾಯಿ ಸುಲಿಯಲು ಕೂತವರು ಯಾರೂ ಬಾಯಿ ಮುಚ್ಚಿಕೊಂಡಿರುವ ಹಾಗಿರಲಿಲ್ಲ. ಅದು ಅಪ್ಪನ ಕಾನೂನು. ಬಾಯಿ ಸುಮ್ಮನಿದ್ದರೆ ಬೀಜ ಅದರೊಳಗೆ ಹೋಗುತ್ತದೆ, ಹೊಲಕ್ಕೆ ಸಾಲದೆ ಬರುತ್ತದೆ ಎಂಬುದು ಅವನ ಭಯ. ಅದಕ್ಕೇ ಸುಲಿಯಲು ಬಂದ ಹೆಂಗಸರು ಪದ ಹೇಳುತ್ತಿದ್ದರು. ಪದ ಬಾರದವರು ತಮ್ಮ ಅತ್ತೆಯನ್ನು ಬೈಯುತ್ತಿದ್ದರು. ಸದ್ದು ನಿಂತಿತೆಂದರೆ ಜಗಲಿಯಿಂದ ಅಪ್ಪನ ದನಿ ಬರುತ್ತಿತ್ತು: "ಯಾರಮ್ಮ ಅದು, ಮಾತೇ ಇಲ್ಲ?"

ನಮ್ಮೂರು ಹಿಂದೂಪುರದಿಂದ ಲೇಪಾಕ್ಷಿಗೆ ಹೋಗುವ ದಾರಿಯಲ್ಲಿತ್ತು. ಅಕ್ಕ ನನಗಿಂತ ದೊಡ್ಡವಳು, ದಿನವೂ ಬಸ್ಸಿನಲ್ಲಿ ಹಿಂದೂಪುರದ ಹೈಸ್ಕೂಲಿಗೆ ಹೋಗಿ ಬರುತ್ತಿದ್ದಳು. ಅವಳಿಗೆ ಹಾಡು ಬರುತ್ತಿರಲಿಲ್ಲ. ಹಾಡಿದರೆ ಕಟ್ಟಿದ ಎಮ್ಮೆ ಎದ್ದು ನಿಲ್ಲುತ್ತಿತ್ತು. ಬೈಯಲು ಅತ್ತೆಯೂ ಇನ್ನೂ ಬಂದಿರಲಿಲ್ಲ. ಹಾಗಾಗಿ ನಾನು ಅವಳ ಚರಿತ್ರೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ಅವಳು ಕಾಯಿ ಸುಲಿಯುತ್ತ ಉತ್ತರ ಹೇಳುವುದು ಎಂದು ನಾವಿಬ್ಬರೂ ಗೊತ್ತು ಮಾಡಿಕೊಂಡಿದ್ದೆವು. ನೀರು ಚಿಮುಕಿಸಿದ ಕಾಯಿಯ ಮಣ್ಣಿನ ವಾಸನೆ, ಮೂಗಿಗೆ ಏರುವ ಧೂಳು, ಹೆಬ್ಬೆರಳಿನ ಉರಿ, ಇವುಗಳ ನಡುವೆ ಅಕ್ಕ ಚಟ್ ಎಂದು ಕಾಯಿ ಒಡೆದು "ಈಜಿಪ್ಟು" ಎನ್ನುತ್ತಿದ್ದಳು, ಮತ್ತೊಂದು ಒಡೆದು "ಚೀನಾ" ಎನ್ನುತ್ತಿದ್ದಳು. ನಮ್ಮ ಅಂಗಳದ ಹೆಂಗಸರಿಗೆಲ್ಲ ರೋಮಿನ ಚಕ್ರವರ್ತಿಗಳು ಪಕ್ಕದ ಊರಿನ ಗೌಡರಷ್ಟೇ ಪರಿಚಯವಾಗಿಬಿಟ್ಟಿದ್ದರು.

ಒಂದು ದಿನ ಅಕ್ಕ ಶಾಲೆಯಲ್ಲಿ ಹೊಸ ಸಂಗತಿ ಕೇಳಿಕೊಂಡು ಬಂದಳು. ಯುರೋಪಿನ ಹಡಗುಗಳು ದಕ್ಷಿಣ ಅಮೆರಿಕ ಖಂಡಕ್ಕೆ ಹೋಗಿ, ಅಲ್ಲಿಂದ ಕಡಲೆಕಾಯಿಯನ್ನು ಬೇರೆ ಬೇರೆ ಕಡೆಗೆ ಸಾಗಿಸಿದವಂತೆ. ಹಾಗೆ ಸುತ್ತಿ ಬಳಸಿ ಅದು ನಮ್ಮ ದೇಶಕ್ಕೂ ಬಂತಂತೆ. ಮೆಣಸಿನಕಾಯಿಯೂ ಆ ಕಡೆಯದೇ ಅಂತೆ. ಅಜ್ಜಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಹಂಗಾರೆ ನಮ್ಮ ಹಿಂದಿನೋರು ಸಾರಿಗೆ ಏನ್ ಹಾಕ್ಕಂತಿದ್ರೇ?"

"ಕರಿ ಮೆಣಸು ಕಣಜ್ಜಿ," ಎಂದಳು ಅಕ್ಕ.

"ನಿಮ್ಮ ಮೇಷ್ಟ್ರಿಗೆ ಬಿಸ್ಲು ಹತ್ತಿರ್ಬೇಕು ಬಿಡು," ಎಂದು ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು. ಅಪ್ಪನೂ ನಕ್ಕ. ಆದರೆ ಅಕ್ಕ ಪುಸ್ತಕ ತಂದು ತೋರಿಸಿದ್ದಳು, ಆ ಸಾಲನ್ನು ನಾನೇ ಓದಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಅದೇ ದಿನಗಳಲ್ಲಿ ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಿಗಳು ಸೇರಿ ಹೈಸ್ಕೂಲು ಮಕ್ಕಳಿಗೆ ಪ್ರಪಂಚದ ಇತಿಹಾಸದ ಮೇಲೆ ಒಂದು ಸ್ಪರ್ಧೆ ಇಟ್ಟರು. ಗೆದ್ದವರಿಗೆ ಬಹುಮಾನ ಒಂದು ಗ್ಲೋಬು. ಅಕ್ಕನ ಶಾಲೆಯಲ್ಲೂ ಒಂದು ಗ್ಲೋಬಿತ್ತು, ಆದರೆ ಅದು ಹೆಡ್ಮಾಸ್ಟರ ಬೀರುವಿನೊಳಗೆ ಇತ್ತು. ಇನ್‌ಸ್ಪೆಕ್ಟರು ಬಂದ ದಿನ ಹೊರಗೆ ತಂದು ಮೇಜಿನ ಮೇಲೆ ಇಡುತ್ತಿದ್ದರು, ಅವರು ಹೋದ ಮೇಲೆ ಒಳಗಿಟ್ಟು ಬೀಗ ಹಾಕುತ್ತಿದ್ದರು. ಮಕ್ಕಳು ಮುಟ್ಟಿದರೆ ಬೆತ್ತ. ಮಕ್ಕಳು ಮುಟ್ಟದ ಗ್ಲೋಬು ಶಾಲೆಗೆ ಯಾಕೆ ಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅಕ್ಕನಿಗೆ ಸೀರೆ, ಬಳೆ ಯಾವುದರ ಆಸೆಯೂ ಇರಲಿಲ್ಲ. ಒಂದೇ ಒಂದು ಸಲ ತನ್ನ ಕೈಯಿಂದ ಭೂಮಿಯನ್ನು ತಿರುಗಿಸಿ, ತಾನು ಬಾಯಲ್ಲಿ ಹೇಳುವ ದೇಶಗಳೆಲ್ಲ ಎಲ್ಲಿವೆ ಎಂದು ಬೆರಳಿಟ್ಟು ನೋಡಬೇಕಿತ್ತು.

ಅಪ್ಪ ಅಕ್ಕನನ್ನು ಕರೆದುಕೊಂಡು ಹೊರಟ. ನಾನು ಬಾಗಿಲಿಗೆ ಅಡ್ಡ ಮಲಗಿ ಅತ್ತು ನಾನೂ ಹೊರಟೆ. ಹಿಂದೂಪುರದಲ್ಲಿ ಒಂದು ಬಸ್ಸು, ರೊದ್ದಂನಲ್ಲಿ ಇಳಿದು ಇನ್ನೊಂದು. ಕಿಟಕಿಯಾಚೆ ಉತ್ತು ಬಿಟ್ಟ ಕೆಂಪು ಹೊಲಗಳು ಮಳೆಗೆ ಕಾಯುತ್ತಿದ್ದವು. ಅಕ್ಕ ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದಳು. ಅಪ್ಪ ಕಂಡಕ್ಟರಿಗೂ ಪಕ್ಕದವರಿಗೂ ತೆಲುಗಿನಲ್ಲಿ, ಕನ್ನಡದಲ್ಲಿ, ಎರಡರಲ್ಲೂ ಮಗಳು ಸ್ಪರ್ಧೆಗೆ ಹೋಗುತ್ತಿರುವ ಸಂಗತಿಯನ್ನು ಹೇಳಿದ. ಅವರು ಕೇಳಿರಲಿಲ್ಲ, ಆದರೂ ಹೇಳಿದ.

ಸ್ಪರ್ಧೆ ನಡೆದದ್ದು ಕಾಯಿ ಮೂಟೆ ತೆಗೆಸಿ ಗುಡಿಸಿದ ಒಂದು ಗೋಡೌನಿನಲ್ಲಿ. ಗೋಣಿಚೀಲದ, ಎಣ್ಣೆಯ ವಾಸನೆ ಇನ್ನೂ ಇತ್ತು. ವೇದಿಕೆಯ ನಡುವೆ ಮೇಜು, ಮೇಜಿನ ಮೇಲೆ ನೀಲಿ ಗ್ಲೋಬು. ಅದರ ಹಿಂದೆ ಎಣ್ಣೆ ಮಿಲ್ಲಿನ ಯಜಮಾನರು ಹಾರ ಹಾಕಿಕೊಂಡು ಕೂತಿದ್ದರು, ಗ್ಲೋಬಿಗಿಂತ ಅವರ ಹೊಟ್ಟೆಯೇ ದುಂಡಗಿತ್ತು. ಪ್ರಶ್ನೆ ಕೇಳಲು ಆ ಊರಿನ ಶಾಲೆಯ ಒಬ್ಬ ಮೇಷ್ಟ್ರು ನಿಂತಿದ್ದರು. ಪ್ರಶ್ನೆ ತೆಲುಗಿನಲ್ಲಿ, ಉತ್ತರ ತೆಲುಗಿನಲ್ಲೋ ಕನ್ನಡದಲ್ಲೋ ಹೇಳಬಹುದು ಎಂದರು.

ಕಾಗದವನ್ನು ಮೊದಲು ಮಾಡಿದ ದೇಶ ಯಾವುದು? ಪಿರಮಿಡ್ಡಿನೊಳಗೆ ಯಾರನ್ನು ಇಡುತ್ತಿದ್ದರು? ಸಮುದ್ರದ ದಾರಿ ಹಿಡಿದು ಕಲ್ಲಿಕೋಟೆಗೆ ಮೊದಲು ಬಂದ ಯುರೋಪಿನವರು ಯಾವ ದೇಶದವರು? ಅಕ್ಕ ಪ್ರತಿ ಉತ್ತರಕ್ಕೂ ಹೆಬ್ಬೆರಳು ತೋರುಬೆರಳು ಸೇರಿಸಿ ಒತ್ತುತ್ತಿದ್ದಳು, ಕೈಯಲ್ಲಿ ಕಾಯಿ ಇರುವ ಹಾಗೆ. ಒಬ್ಬೊಬ್ಬರೇ ಸೋತು ಕೆಳಗಿಳಿದರು. ಕೊನೆಗೆ ಅಕ್ಕ ಮತ್ತು ಕಲ್ಯಾಣದುರ್ಗದ ಒಬ್ಬ ಹುಡುಗ ಉಳಿದರು. ಇಬ್ಬರೂ ಸರಿಸಮ. ಇನ್ನೊಂದೇ ಪ್ರಶ್ನೆ, ಅದನ್ನು ಯಜಮಾನರೇ ಕೇಳುತ್ತಾರೆ ಎಂದು ಮೇಷ್ಟ್ರು ಕೈ ಮುಗಿದು ಪಕ್ಕಕ್ಕೆ ಸರಿದರು.

ಯಜಮಾನರು ಗಂಟಲು ಸರಿ ಮಾಡಿಕೊಂಡು, ಪ್ರಪಂಚಕ್ಕೆ ಕಡಲೆಕಾಯಿ ಕೊಟ್ಟ ನೆಲ ಯಾವುದು ಎಂದು ಕೇಳಿದರು.

ನಾನು ಬೆಂಚಿನ ಮೇಲೆ ಕುಣಿದುಬಿಟ್ಟೆ. ಇದು ನಮ್ಮ ಅಂಗಳದ ಪ್ರಶ್ನೆ. ಅಕ್ಕ ಬೆರಳು ಒತ್ತಿ "ದಕ್ಷಿಣ ಅಮೆರಿಕ" ಎಂದಳು.

ಯಜಮಾನರು ನಕ್ಕರು. ಅವರು ನಕ್ಕರೆಂದು ಮುಂದಿನ ಸಾಲು ನಕ್ಕಿತು, ಮುಂದಿನ ಸಾಲು ನಕ್ಕಿತೆಂದು ಹಿಂದಿನವರು ನಕ್ಕರು. "ಅಮೆರಿಕಾವಾಳ್ಳು ವಚ್ಚಿ ಮನ ಚೇನ್ಲೋ ವಿತ್ತಿನಾರಾ?" ಎಂದರು ಅವರು. ಅಮೆರಿಕದವರು ಬಂದು ನಮ್ಮ ಹೊಲದಲ್ಲಿ ಬಿತ್ತಿದರಾ ಎಂದು. ನಗು ಇನ್ನೂ ಜೋರಾಯಿತು. ಆ ಹುಡುಗನನ್ನು ಕೇಳಿದಾಗ ಅವನು ಎಲ್ಲರ ಮುಖ ನೋಡಿ "ಮನ ದೇಶಮೇ" ಎಂದ, ನಮ್ಮ ದೇಶವೇ ಎಂದು. ಚಪ್ಪಾಳೆ ಬಿತ್ತು. ಕಡಲೆಕಾಯಿ ಬೆಳೆಯುವವರು, ಕೊಳ್ಳುವವರು, ಎಣ್ಣೆ ತೆಗೆಯುವವರು ತುಂಬಿದ್ದ ಆ ಜಾಗದಲ್ಲಿ ಅದು ಪರದೇಶದ್ದು ಎಂದರೆ ಅವರ ಹೆತ್ತ ಮಗುವನ್ನು ಬೇರೆಯವರದು ಎಂದ ಹಾಗಾಗಿತ್ತು. ಅಭಿಮಾನ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅಭಿಮಾನಕ್ಕೆ ಬಹುಮಾನ ಕೊಡುವುದಾದರೆ ಇತಿಹಾಸದ ಪ್ರಶ್ನೆ ಅಂತ ಯಾಕೆ ಕರೆಯಬೇಕು?

"ನಮ್ಮಕ್ಕ ಹೇಳಿದ್ದೇ ಸರಿ, ಪುಸ್ತಕದಾಗೈತೆ," ಎಂದು ನಾನು ಬೆಂಚಿನ ಮೇಲೆ ನಿಂತು ಕಿರುಚಿದೆ. ಅಪ್ಪ ಲಂಗ ಹಿಡಿದು ಎಳೆದು ಕೂರಿಸಿದ. ಅಕ್ಕ ಅಳಲಿಲ್ಲ. ಪ್ರಶ್ನೆ ಕೇಳುತ್ತಿದ್ದ ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತಿದ್ದಳು. ಅವರು ಬಗ್ಗಿ ಕೈಯಲ್ಲಿದ್ದ ಚೀಟಿಗಳನ್ನು ಜೋಡಿಸುತ್ತಿದ್ದರು, ಎಷ್ಟು ಜೋಡಿಸಿದರೂ ಅವು ಅವರಿಗೆ ಸರಿಯಾಗಲಿಲ್ಲ. ಗ್ಲೋಬು ಆ ಹುಡುಗನ ಕೈಗೆ ಹೋಯಿತು. ಅವನು ಅದನ್ನು ತಿರುಗಿಸಿಕೊಂಡೇ ಮೆಟ್ಟಿಲಿಳಿದ.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಉಗ್ಗಾನಿ, ಬಜ್ಜಿ ಕೊಡಿಸಿದ. ಒಗ್ಗರಣೆ ಹಾಕಿದ ಮಂಡಕ್ಕಿಯ ಬಿಸಿ ಹಬೆ ಏಳುತ್ತಿತ್ತು. ನನಗೆ ಸಿಟ್ಟು ಬಂದರೂ ಹಸಿವು ನಿಲ್ಲುವುದಿಲ್ಲ, ತಿಂದೆ. ಅಕ್ಕ ಮುಟ್ಟಲಿಲ್ಲ.

"ನಮ್ದೇ ಅಂದ್ಬುಟ್ಟಿದ್ರೆ ನಿನ್ನ ಗಂಟೇನು ಹೋಯ್ತಿತ್ತು?" ಎಂದ ಅಪ್ಪ. "ನಾನು ಇಷ್ಟು ವರ್ಸ ಬೆಳ್ದೀನಿ. ನಂಗೇ ಹಂಗಂತ ಅನ್ನುಸ್ತದೆ."

"ಈ ಬಜ್ಜಿ ಮೆಣಸಿನಕಾಯೂ ಅಲ್ಲೀದೇ ಕಣಪ್ಪ," ಎಂದಳು ಅಕ್ಕ. ಅಷ್ಟು ಹೇಳಿದ ಮೇಲೆ ಅವಳಿಗೆ ಅಳು ಬಂತು.

ಆಗ ಆ ಮೇಷ್ಟ್ರು ಬಂದರು. ಆಚೀಚೆ ನೋಡಿಕೊಂಡು ನಮ್ಮ ಹತ್ತಿರ ನಿಂತು, ಮೆಲ್ಲಗೆ ಕನ್ನಡದಲ್ಲಿ ಹೇಳಿದರು: "ನೀನು ಹೇಳಿದ್ದೇ ರೈಟು ಕಣಮ್ಮ. ಮನಸ್ಸಿಗೆ ಹಚ್ಕೋಬೇಡ." ಜೇಬಿನಿಂದ ಒಂದು ಪೆನ್ನು ತೆಗೆದು ಚಾಚಿದರು.

ಅಕ್ಕ ಪೆನ್ನು ತೆಗೆದುಕೊಳ್ಳಲಿಲ್ಲ. "ಅಲ್ಲೇ ಹೇಳ್ಬೇಕಾಗಿತ್ತು ಸಾರ್. ಇಲ್ಲಿ ಹೇಳಿದ್ರೆ ಯಾರಿಗೆ ಕೇಳುಸ್ತದೆ?"

ಅಪ್ಪ ತಟ್ಟೆ ಕೆಳಗಿಟ್ಟ. "ನಿಮಗೆ ಮೊದ್ಲೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು. ಆದ್ರೆ ಯಜಮಾನ್ರು ದೊಡ್ಡೋರು, ಸಭೇಲಿ ಅವ್ರನ್ನ ತಪ್ಪು ಅನ್ನಾಕಾಯ್ತದಾ?"

ಅಪ್ಪ ಅಲ್ಲಿಯವರೆಗೆ ಯಾವ ಮೇಷ್ಟ್ರ ಎದುರೂ ದನಿ ಎತ್ತಿದವನಲ್ಲ. ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದ. ಆ ದಿನ ಟವೆಲಿನಿಂದ ಕೈ ಒರೆಸಿಕೊಂಡು, "ನಮ್ಮ ಮಗೂನ ಮಾತ್ರ ಸಭೇಲಿ ತಪ್ಪು ಅನ್ನಬೌದಾ? ನಡೀರಿ ಸಾರ್, ಇನ್ನೂ ಜನ ಅಲ್ಲೇ ಅವ್ರೆ. ಹೋಗಿ ಹೇಳಾನ," ಎಂದ. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಬಸ್ಸಿಗೆ ಟೈಮಾಯಿತು ಎಂದು ಹೊರಟುಬಿಟ್ಟರು. ಅವರದು ಅದೇ ಊರು, ಅವರಿಗೆ ಯಾವ ಬಸ್ಸು? ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ನಕ್ಕವರಿಗೆ ಗೊತ್ತಿರಲಿಲ್ಲ, ಅವರನ್ನು ನಾನು ಎಂದೋ ಬಿಟ್ಟುಬಿಟ್ಟೆ. ಗೊತ್ತಿದ್ದೂ ಚೀಟಿ ಜೋಡಿಸುತ್ತ ನಿಂತವರನ್ನು ಬಿಡಲು ನನ್ನಿಂದ ಆಗಿಲ್ಲ.

ಮಾರನೆಯ ದಿನ ಅಂಗಳದಲ್ಲಿ ಕಾಯಿ ಸುಲಿಯಲು ಹೆಂಗಸರು ಸೇರಿದರು. ಅಪ್ಪ ಜಗಲಿ ಬಿಟ್ಟು ಇಳಿದು ಬಂದು ನಡುವೆ ನಿಂತು ಒಂದು ಕಾಯಿ ಎತ್ತಿ ಹಿಡಿದ. "ಇದು ಎಲ್ಲಿಂದ ಬಂದಿದ್ದು ಹೇಳ್ರಮ್ಮ?" ಎಂದು ಕೇಳಿದ. ಯಾರೋ ನಮ್ಮ ಹೊಲದ್ದು ಎಂದರು. "ಅಲ್ಲ. ದಕ್ಷಿಣ ಅಮೆರಿಕ. ನಮ್ಮ ದೊಡ್ಡಮಗಳು ಹೇಳೌಳೆ. ಇದನ್ನ ಬಾಯ್ತುಂಬ ಹೇಳ್ದೋರಿಗೇ ಕೆಲಸ," ಎಂದ. ಪ್ರತಿ ವರ್ಷವೂ ಬಿತ್ತನೆ ಕಾಯಿ ಸುಲಿಯುವ ಮೊದಲ ದಿನ ಈ ಪ್ರಶ್ನೆ ನಡೆಯುತ್ತಿತ್ತು. ಅಜ್ಜಿಯೂ ಹೇಳಬೇಕಾಯಿತು. "ಯಾವ ಅಮೆರಿಕಾನೋ ಏನೋ, ಅಲ್ಲೀದಂತೆ," ಎಂದು ಮುಖ ತಿರುಗಿಸಿ ಹೇಳುತ್ತಿದ್ದಳು. ಅಕ್ಕ ಏನೂ ಮಾತಾಡದೆ ಚಟ್ ಚಟ್ ಎಂದು ಕಾಯಿ ಒಡೆಯುತ್ತಿದ್ದಳು. ಆಗ ಮಾತ್ರ ಅವಳು ಬಾಯಿ ಮುಚ್ಚಿಕೊಂಡಿದ್ದರೂ ಅಪ್ಪ ಯಾಕೆ ಮಾತಿಲ್ಲ ಎಂದು ಕೇಳುತ್ತಿರಲಿಲ್ಲ.

ಅದೇ ಅಕ್ಕ ಮುಂದೆ ಅದೇ ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಹೋದಳು. ಋಣಾನುಬಂಧ, ಏನು ಮಾಡುವುದು. ಹುರಿದ ಕಾಯಿ ಮಾರುವ ಗಾಡಿಯವರನ್ನೂ ಅವಳು ಇವತ್ತಿಗೂ ಈ ಪ್ರಶ್ನೆ ಕೇಳದೆ ಬಿಡುವುದಿಲ್ಲವಂತೆ.

ಈಗ ನಾನು ಮೊಮ್ಮಕ್ಕಳ ಜೊತೆ ಇರುವ ಹಿಂದೂಪುರದ ಮನೆಯಲ್ಲಿ ಯಾರೂ ಬಿತ್ತನೆ ಕಾಯಿ ಕೈಯಲ್ಲಿ ಸುಲಿಯುವುದಿಲ್ಲ, ಮಿಷನ್ನು ಸುಲಿಯುತ್ತದೆ. ಅದಕ್ಕೆ ಪದವೂ ಬೇಡ, ಅತ್ತೆಯೂ ಬೇಡ. ಮೊಮ್ಮಕ್ಕಳ ಕೋಣೆಯಲ್ಲಿ ಒಳಗೆ ದೀಪ ಉರಿಯುವ ಗ್ಲೋಬಿದೆ, ಅದರ ಮೇಲೆ ಮೊಮ್ಮಗನ ಕ್ರಿಕೆಟ್ ಟೋಪಿ ಕೂತಿದೆ. ಪ್ರಪಂಚದ ಇತಿಹಾಸವೆಲ್ಲ ಅವರ ಫೋನಿನಲ್ಲಿದೆ. ಸರಿ ಉತ್ತರ ಒತ್ತಿದರೆ ಹಸಿರು, ತಪ್ಪಾದರೆ ಕೆಂಪು.

ಮೊನ್ನೆ ಶನಿವಾರ ಮೊಮ್ಮಗಳು ಸ್ಕೂಲಿನ ಕ್ವಿಜ್ ತಂಡಕ್ಕೆ ಅಭ್ಯಾಸ ಮಾಡುತ್ತಿದ್ದಳು. ಚಂದ್ರನ ಮೇಲಿಂದ ಕಾಣುವ, ಮನುಷ್ಯರು ಕಟ್ಟಿದ ಗೋಡೆ ಯಾವುದು ಎಂದು ಪ್ರಶ್ನೆ. ಚೀನಾದ ಮಹಾಗೋಡೆ ಎಂದು ಒತ್ತಿದಳು, ಹಸಿರು ಬಂತು. "ಅದು ಸುಳ್ಳು ಅಜ್ಜಿ. ಅಲ್ಲಿಂದ ಯಾವ ಗೋಡೆನೂ ಕಾಣಲ್ಲ. ಮಿಸ್ಸು ಕೊಟ್ಟಿರೋ ಉತ್ತರ ಹಂಗೈತೆ, ಸೋಮವಾರ ಅದನ್ನೇ ಹೇಳಿದ್ರೆ ಮಾರ್ಕ್ಸು," ಎಂದಳು. ಹೇಳಿ ಮುಂದಿನ ಪ್ರಶ್ನೆಗೆ ಹೋದಳು. ನನಗೆ ಎಲ್ಲಿತ್ತೋ ಸಿಟ್ಟು. ಫೋನು ಕಿತ್ತು ಪಕ್ಕಕ್ಕಿಟ್ಟು, ಒಂದು ತಟ್ಟೆ ಹಸಿ ಕಾಯಿ ಅವಳ ಮುಂದೆ ಸುರಿದು, ಸುಲಿ ಎಂದೆ. ಅವಳು ಸುಲಿಯುವಷ್ಟು ಹೊತ್ತು ಈಗ ನಿಮಗೆ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದೆ.

ಸೋಮವಾರ ಅವಳು ಮುಖ ಊದಿಸಿಕೊಂಡು ಬಂದಳು. ಯಾವ ಗೋಡೆಯೂ ಕಾಣುವುದಿಲ್ಲ ಎಂದು ಹೇಳಿದಳಂತೆ. ತಾನು ಕೊಟ್ಟ ಉತ್ತರಕ್ಕೇ ಮಾರ್ಕ್ಸು ಎಂದರಂತೆ ಮಿಸ್ಸು. ತಂಡಕ್ಕೆ ಅವಳ ಗೆಳತಿ ಆಯ್ಕೆಯಾದಳು. ಇಷ್ಟು ವರ್ಷ ಕಳೆದರೂ ಗೋಡೌನು ಹೋಗಿ ಸ್ಕೂಲು ಬಂತೇ ಹೊರತು ಬೇರೇನೂ ಬದಲಾಗಿಲ್ಲ ಎಂದು ನಾನು ಕಲ್ಯಾಣದುರ್ಗಕ್ಕೆ ಫೋನು ಮಾಡಿ ಅಕ್ಕನ ಹತ್ತಿರ ಕೂಗಾಡಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡು, ಮಗುವಿಗೆ ಕೊಡು ಎಂದಳು. ಮೊಮ್ಮಗಳು ಸ್ಪೀಕರು ಒತ್ತಿದಳು.

"ಅದನ್ನ ಎಲ್ಲಿ ಹೇಳ್ದೆ ಕಣಮ್ಮ? ಎಲ್ಲಾರೂ ಹೋದ್ಮೇಲಾ?"

"ಇಲ್ಲ ದೊಡ್ಡಜ್ಜಿ. ಕ್ಲಾಸಲ್ಲೇ, ಎಲ್ಲರ ಮುಂದೆ ಎದ್ದು ನಿಂತ್ಕೊಂಡು ಹೇಳಿದೆ."

ಅಕ್ಕ ಹೇಳಿದಳು: "ಆ ಮೇಷ್ಟ್ರು ಹಂಗೆ ಎಲ್ಲಾರ ಮುಂದೆ ಹೇಳ್ತಾರೆ ಅಂತ ಇಷ್ಟು ವರ್ಸ ಕಾದೆ ಕಣೇ. ಕೊನೆಗೆ ನೀನು ಹೇಳ್ದೆ."

ಮೊಮ್ಮಗಳು ಫೋನು ನನ್ನ ಕೈಗಿಟ್ಟು ಕೋಣೆಗೆ ಹೋದಳು. ಗ್ಲೋಬಿನ ಮೇಲಿದ್ದ ಟೋಪಿ ತೆಗೆದು, ಅದನ್ನು ತಿರುಗಿಸಿ, ದಕ್ಷಿಣ ಅಮೆರಿಕದ ಮೇಲೆ ಬೆರಳಿಟ್ಟಳು.